ಫೋಟೋ ನೋಡಿ ಚರ್ಮಕ್ಕೆ ಔಷಧ ಬರೆಯಬಹುದೇ?

ಪ್ರಶ್ನೆ: "ನನಗೆ 34 ವರ್ಷ. ನಾಲ್ಕು ತಿಂಗಳಿನಿಂದ ತೊಡೆಸಂದಿಯಲ್ಲಿ ವಿಪರೀತ ನವೆ. ಮೊದಲು ಉಂಗುರದಂಥ ಒಂದು ಗುರುತಿತ್ತು. ಔಷಧದ ಅಂಗಡಿಯಲ್ಲಿ ಕೇಳಿ ಒಂದು ಕ್ರೀಮ್ ತಂದು ಹಚ್ಚಿದೆ, ಮೂರೇ ದಿನಕ್ಕೆ ನವೆ ಹೋಯಿತು. ಬಿಟ್ಟ ವಾರದೊಳಗೆ ಮತ್ತೆ ಶುರುವಾಯಿತು. ಹೀಗೇ ಆರು ಟ್ಯೂಬ್ ಮುಗಿದಿವೆ. ಈಗ ಸೊಂಟ, ಹೊಟ್ಟೆಗೂ ಹಬ್ಬಿದೆ. ಹೆಂಡತಿಯ ತೋಳಿನ ಮೇಲೂ ಕಾಣಿಸಿಕೊಂಡಿದೆ. ಚರ್ಮದ ಡಾಕ್ಟರು ನಮಗೆ ದೂರ. ವೀಡಿಯೋ ಕಾಲ್‌ನಲ್ಲಿ ತೋರಿಸಿದರೆ ಸರಿಯಾಗಿ ಗೊತ್ತಾಗುತ್ತದೆಯೇ? ಮುಟ್ಟಿ ನೋಡದೆ ಬರೆದ ಔಷಧವನ್ನು ನಂಬಬಹುದೇ? ಅದೇ ಕರೆಯಲ್ಲಿ ಅಮ್ಮನ ಅಂಗಾಲಿನ ಕಪ್ಪು ಚುಕ್ಕೆ (ಅವರಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ), ಏಳು ವರ್ಷದ ಮಗಳ ಕೆನ್ನೆಯ ಬಿಳಿಚಿದ ಮಚ್ಚೆ ಎರಡನ್ನೂ ತೋರಿಸಿಬಿಡೋಣ ಎಂದುಕೊಂಡಿದ್ದೇನೆ. ನನ್ನ ಆ ಜಾಗದ ಫೋಟೋ ಕಳಿಸಲು ಮುಜುಗರವೂ ಇದೆ, ಅದು ಎಲ್ಲೆಲ್ಲಿ ಉಳಿಯುತ್ತದೋ ಎಂಬ ಭಯವೂ ಇದೆ."

ಉತ್ತರ: ಮೂವರದೂ ಚರ್ಮದ ತೊಂದರೆಯೇ ಆದರೂ ಒಂದೇ ಉತ್ತರ ಮೂವರಿಗೂ ಸಲ್ಲುವುದಿಲ್ಲ. ನಿಮ್ಮದನ್ನೂ ನಿಮ್ಮ ಹೆಂಡತಿಯದನ್ನೂ ದೂರದಿಂದಲೇ ನೋಡಿ ಚಿಕಿತ್ಸೆ ಶುರು ಮಾಡಬಹುದು. ಅಮ್ಮನ ಅಂಗಾಲನ್ನು ಎದುರಿಗೇ ತೋರಿಸಬೇಕು, ಅದೂ ತಡ ಮಾಡದೆ. ಮಗಳದು ಇವೆರಡರ ನಡುವೆ ಬರುತ್ತದೆ.

ಮುಟ್ಟಿ ನೋಡದೆ ಗೊತ್ತಾಗದು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಮೊಡವೆ, ಇಸುಬು, ಸೋರಿಯಾಸಿಸ್, ಹುಳುಕಡ್ಡಿ, ಸರ್ಪಸುತ್ತು, ನರಹುಲಿ ಇವನ್ನೆಲ್ಲ ನಾವು ಮುಖ್ಯವಾಗಿ ಕಣ್ಣಿನಿಂದಲೇ ಗುರುತಿಸುವುದು. ಆಕಾರ ಹೇಗಿದೆ, ಅಂಚು ಎಷ್ಟು ಸ್ಪಷ್ಟ, ಮೈಮೇಲೆ ಎಲ್ಲೆಲ್ಲಿ ಹರಡಿದೆ ಎಂಬುದು ಒಳ್ಳೆಯ ಫೋಟೋದಲ್ಲಿ ಚೆನ್ನಾಗಿಯೇ ಸಿಗುತ್ತದೆ. ದೂರದಿಂದಲೇ ಚರ್ಮ ನೋಡುವ ಈ ಪದ್ಧತಿಗೆ 'ಟೆಲಿಡರ್ಮಟಾಲಜಿ' ಎಂಬ ಪದ ವೈದ್ಯಕೀಯ ಬರಹಗಳಿಗೆ 1995ರಲ್ಲೇ ಬಂದಿತ್ತು. ಆಗ ಸ್ಮಾರ್ಟ್‌ಫೋನ್ ಇನ್ನೂ ಜನಸಾಮಾನ್ಯರ ಕೈಗೆ ಬಂದಿರಲಿಲ್ಲ. ಫೋಟೋದಲ್ಲಿ ಸಿಗದ್ದು ಬೆರಳಿಗೆ ಮಾತ್ರ ತಿಳಿಯುವ ಸಂಗತಿಗಳು: ಗಂಟು ಮೆತ್ತಗಿದೆಯೋ ಗಟ್ಟಿಯೋ, ಆ ಜಾಗ ಬಿಸಿಯಾಗಿದೆಯೇ, ಅಲ್ಲಿ ಸ್ಪರ್ಶ ತಿಳಿಯುತ್ತದೆಯೇ. ಕೂದಲಿನ ಅಡಿಯ ನೆತ್ತಿ, ಬಾಯೊಳಗಿನ ಹುಣ್ಣು, ಮೈತುಂಬ ಹತ್ತಾರು ಮಚ್ಚೆಗಳಿರುವವರ ತಪಾಸಣೆ, ಇವೂ ಫೋನಿಗೆ ಸುಲಭಕ್ಕೆ ಒಗ್ಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ನಂಬಿಕೆ, ವೀಡಿಯೋ ಕಾಲ್ ಎಂದರೆ ಎದುರು ಕೂತು ತೋರಿಸಿದಂತೆಯೇ ಎಂಬುದು. ಚರ್ಮದ ಮಟ್ಟಿಗೆ ವೀಡಿಯೋಗಿಂತ ಫೋಟೋವೇ ಮೇಲು. ನೆಟ್‌ವರ್ಕ್‌ಗೆ ತಕ್ಕಂತೆ ವೀಡಿಯೋ ತನ್ನ ಗುಣಮಟ್ಟವನ್ನು ಇಳಿಸಿಕೊಳ್ಳುತ್ತದೆ. ಮೊದಲು ಮಾಯವಾಗುವುದು ನಮಗೆ ಬೇಕಾದ ಸೂಕ್ಷ್ಮ ಹೊಟ್ಟು ಮತ್ತು ಅಂಚು. ಅದಕ್ಕೇ ಫೋಟೋಗಳನ್ನು ಮೊದಲೇ ಕಳಿಸಿ, ಡಾಕ್ಟರು ನಿಧಾನಕ್ಕೆ ನೋಡಿದ ಮೇಲೆ ಮಾತಿಗೆ ಮಾತ್ರ ವೀಡಿಯೋ ಇಟ್ಟುಕೊಳ್ಳುವುದು ಒಳ್ಳೆಯ ಕ್ರಮ. ಫೋಟೋ ಹಾಕಿದರೆ ತಾನೇ ರೋಗದ ಹೆಸರು ಹೇಳುವ ಆ್ಯಪ್‌ಗಳಿವೆ. ಅವುಗಳನ್ನು ತಯಾರಿಸಲು ಬಳಸಿದ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ಕಂದು, ಕಪ್ಪು ಚರ್ಮದ ಮೇಲೆ ಅವು ಹೆಚ್ಚು ಎಡವುತ್ತವೆ. ಮೇಲಾಗಿ, ನೀವು ಏನು ಹಚ್ಚಿದ್ದಿರಿ ಎಂದು ಅವು ಕೇಳುವುದು ಅಪರೂಪ. ನಿಮ್ಮ ವಿಷಯದಲ್ಲಿ ಎಲ್ಲವೂ ನಿಂತಿರುವುದು ಅದೊಂದರ ಮೇಲೆ.

ಆ ಆರು ಟ್ಯೂಬ್‌ಗಳು

ಉಂಗುರದಂತೆ ಶುರುವಾಗಿ, ತೊಡೆಸಂದಿಯಿಂದ ಸೊಂಟಕ್ಕೆ ಹಬ್ಬಿ, ಮನೆಯವರಿಗೂ ಅಂಟಿದೆ ಎಂದರೆ ಮೊದಲ ಅನುಮಾನ ಹುಳುಕಡ್ಡಿಯ ಮೇಲೆ. ಹೆಸರಲ್ಲಿ ಹುಳು ಇದ್ದರೂ ಇದು ಚರ್ಮದ ಮೇಲ್ಪದರದ ಕೆರಾಟಿನ್ ತಿಂದು ಬದುಕುವ ಶಿಲೀಂಧ್ರ, ಅಂದರೆ ಫಂಗಸ್. ಹಚ್ಚಿದ ಮೂರೇ ದಿನಕ್ಕೆ ನವೆ ನಿಂತು, ಬಿಟ್ಟ ವಾರದಲ್ಲಿ ಮರಳುವ ಕ್ರೀಮ್ ಎಂದರೆ ಅದರಲ್ಲಿ ಸ್ಟೀರಾಯ್ಡ್ ಇರುವುದು ಬಹುತೇಕ ಖಚಿತ. ಫಂಗಸ್ ಔಷಧ, ಆಂಟಿಬಯಾಟಿಕ್, ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಕ್ರೀಮ್‌ಗಳು ಇಂಥವು. ಟ್ಯೂಬ್ ಮೇಲಿನ ಸಣ್ಣಕ್ಷರ ಓದಿ: ಕ್ಲೋಬೆಟಾಸಾಲ್, ಬೀಟಾಮೆಥಸೋನ್, ಮೊಮೆಟಾಸೋನ್, ಬೆಕ್ಲೋಮೆಥಸೋನ್ ಇವೆಲ್ಲ ಸ್ಟೀರಾಯ್ಡ್‌ಗಳೇ.

ನವೆ, ಕೆಂಪು, ಉರಿ ಇವು ಫಂಗಸ್ ಮಾಡುವುದಕ್ಕಿಂತ ಹೆಚ್ಚಾಗಿ, ಫಂಗಸ್ ವಿರುದ್ಧ ನಿಮ್ಮ ದೇಹ ನಡೆಸುವ ಹೋರಾಟದ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ನವೆ ನಿಂತಾಗ ವಾಸಿಯಾಯಿತು ಎಂದು ನಿಮಗನ್ನಿಸುತ್ತದೆ. ಫಂಗಸ್‌ಗೆ ಮಾತ್ರ ಕಾವಲಿಲ್ಲದ ಹೊಲ ಸಿಕ್ಕಂತೆ. ಇಂಥ ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಔಷಧ ಹಚ್ಚದವರಲ್ಲಿ ಕಾಣುವುದಕ್ಕಿಂತಲೂ ಹೆಚ್ಚು ಫಂಗಸ್ ಎಳೆಗಳು ಕಾಣುವುದುಂಟು. ಹೊರನೋಟಕ್ಕೋ, ಅಂಚು ಮಾಸಿ, ಉಂಗುರ ಒಡೆದು, ಇಸುಬಿನಂತೆಯೋ ಸೋರಿಯಾಸಿಸ್‌ನಂತೆಯೋ ಕಾಣುತ್ತದೆ. ಕೆಲವೊಮ್ಮೆ ಉಂಗುರದೊಳಗೊಂದು ಉಂಗುರ ಮೂಡುತ್ತದೆ. ವೇಷ ಮರೆಸಿಕೊಂಡ ಹುಳುಕಡ್ಡಿ ಎಂಬ ಅರ್ಥದಲ್ಲಿ ಇದನ್ನು 'ಟಿನಿಯಾ ಇನ್‌ಕಾಗ್ನಿಟೋ' ಎನ್ನುತ್ತಾರೆ.

ದೂರದಿಂದ ನೋಡುವಾಗ ದೊಡ್ಡ ಅಪಾಯ ಇದೇ. ಈ ವೇಷದ ಫೋಟೋ ಮಾತ್ರ ಕಳಿಸಿ ಟ್ಯೂಬಿನ ಸುದ್ದಿ ಹೇಳದಿದ್ದರೆ, ಇಸುಬೆಂದು ನಂಬಿ ಇನ್ನೊಂದು ಸ್ಟೀರಾಯ್ಡ್ ಬರೆಯುವ ಸಾಧ್ಯತೆ ಇದ್ದೇ ಇದೆ. ಕ್ಯಾಮೆರಾ ಎಷ್ಟೇ ಒಳ್ಳೆಯದಿದ್ದರೂ ಅದು ಇವತ್ತಿನ ಚರ್ಮವನ್ನಷ್ಟೇ ತೋರಿಸುತ್ತದೆ, ನಾಲ್ಕು ತಿಂಗಳ ಕಥೆಯನ್ನಲ್ಲ. ಹಾಗಾಗಿ ಮೈಯ ಫೋಟೋ ಜೊತೆಗೆ ಎಲ್ಲ ಟ್ಯೂಬ್‌ಗಳ ಎರಡೂ ಬದಿಯ ಫೋಟೋ ಕಳಿಸಿ, ಖಾಲಿಯಾಗಿದ್ದರೂ ಸರಿ. ಮೊದಲ ಉಂಗುರದ ಹಳೆಯ ಚಿತ್ರವೇನಾದರೂ ಫೋನಿನಲ್ಲಿದ್ದರೆ ಅದಕ್ಕೆ ಇವತ್ತಿನ ಹತ್ತು ಫೋಟೋಗಳಿಗಿಂತ ಹೆಚ್ಚಿನ ಬೆಲೆ.

ಫೋಟೋ ತೆಗೆಯುವ ಬಗೆ

ಹಗಲು ಹೊತ್ತು, ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ನಿಲ್ಲಿ. ಹಳದಿ ಬಲ್ಬಿನ ಬೆಳಕಿನಲ್ಲಿ ಚರ್ಮವೆಲ್ಲ ಕಾಮಾಲೆ ಬಂದಂತೆ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ನಡುವೆ ಬಿಳಿ ಹೊಳಪು ಬಂದು ಇದ್ದದ್ದೂ ಅಳಿಸಿಹೋಗುತ್ತದೆ. ಚೌಕಟ್ಟಿನ ಒಂದು ಮೂಲೆಯಲ್ಲಿ ಬಿಳಿ ಕಾಗದದ ತುಂಡು ಇಟ್ಟರೆ ಬಣ್ಣ ಎಷ್ಟು ತಿರುಗಿದೆ ಎಂದು ನಮಗೆ ಅಂದಾಜಾಗುತ್ತದೆ. ಅಳತೆಗೆ ಸ್ಕೇಲ್ ಇಡಿ. ನಾಣ್ಯ ಹೊಳೆಯುತ್ತದೆ, ಅದರ ಗಾತ್ರವೂ ನೋಡುವವರಿಗೆ ಗೊತ್ತಿರಬೇಕೆಂದಿಲ್ಲ. ಸೆಲ್ಫಿ ಕ್ಯಾಮೆರಾ ಬೇಡ, ಹಿಂದಿನ ಕ್ಯಾಮೆರಾ ಬಳಸಿ, ಲೆನ್ಸನ್ನು ಬಟ್ಟೆಯಿಂದ ಒರೆಸಿ, ಬ್ಯೂಟಿ ಫಿಲ್ಟರ್ ಆರಿಸಿ.

ಒಂದೊಂದು ಜಾಗಕ್ಕೂ ಕನಿಷ್ಠ ಮೂರು ಚಿತ್ರ ಬೇಕು. ಮೊದಲನೆಯದು ದೂರದಿಂದ, ದೇಹದ ಯಾವ ಭಾಗ ಎಂದು ತಿಳಿಯುವಂತೆ. ಎರಡನೆಯದು ಒಂದು ಮೊಳ ಹತ್ತಿರದಿಂದ, ಇಡೀ ಮಚ್ಚೆ ಮತ್ತು ಸುತ್ತಲಿನ ಒಳ್ಳೆಯ ಚರ್ಮ ಎರಡೂ ಬರುವಂತೆ. ಮೂರನೆಯದು ಅಂಚಿನದ್ದು. ಇದಕ್ಕೆ ಹೆಚ್ಚಿನವರು ಫೋನನ್ನು ಚರ್ಮಕ್ಕೆ ತಾಗಿಸುವಷ್ಟು ಹತ್ತಿರ ತರುತ್ತಾರೆ, ಚಿತ್ರ ಮಂಜಾಗುತ್ತದೆ. 20ರಿಂದ 30 ಸೆಂಟಿಮೀಟರ್ ದೂರದಲ್ಲೇ ಹಿಡಿದು, ಎರಡು ಪಟ್ಟು ಜೂಮ್ ಮಾಡಿ, ಪರದೆಯ ಮೇಲೆ ಮಚ್ಚೆಯನ್ನು ಒತ್ತಿ ಫೋಕಸ್ ಮಾಡಿ. ಉಬ್ಬಿದ್ದರೆ ಪಕ್ಕದಿಂದ ಓರೆಯಾಗಿ ಇನ್ನೊಂದು ತೆಗೆಯಿರಿ. ನೇರವಾಗಿ ಮೇಲಿನಿಂದ ತೆಗೆದ ಚಿತ್ರದಲ್ಲಿ ಗುಡ್ಡವೂ ಬಯಲಿನಂತೆಯೇ ಕಾಣುತ್ತದೆ.

ಸ್ನಾನ ಮಾಡಿ ಎಣ್ಣೆ ಸವರಿ ಚೊಕ್ಕಟವಾಗಿ ಫೋಟೋ ತೆಗೆಯುವುದು ಮರ್ಯಾದೆ ಅನ್ನಿಸಬಹುದು, ಆದರೆ ನಮಗೆ ಬೇಕಾದ ಹೊಟ್ಟು ಎಣ್ಣೆಯಲ್ಲಿ ಮಾಯ. ಕ್ರೀಮ್, ಪೌಡರ್ ಏನೂ ಇಲ್ಲದ ಒಣ ಚರ್ಮವೇ ಬೇಕು. ಇನ್ನೊಂದು ಮಾತು: ಪುಸ್ತಕಗಳು ಹೇಳುವ 'ಕೆಂಪು' ಕಂದು ಚರ್ಮದ ಮೇಲೆ ನೇರಳೆ, ಬೂದು ಅಥವಾ ಕಡುಕಂದಾಗಿ ಕಾಣುತ್ತದೆ. ಕೆಂಪಗಿಲ್ಲ ಎಂದಮಾತ್ರಕ್ಕೆ ಉರಿಯೂತವಿಲ್ಲ ಎಂದುಕೊಳ್ಳಬೇಡಿ. ಬಣ್ಣದ ವ್ಯತ್ಯಾಸ ತಿಳಿಯಲು ಎಡ ತೊಡೆ, ಬಲ ತೊಡೆ ಎರಡರದೂ ಫೋಟೋ ಕಳಿಸಿ.

ಫೋಟೋ ಜೊತೆ ನಾಲ್ಕು ಸಾಲು ಬರೆಯಿರಿ: ಯಾವಾಗ ಶುರು, ಎಲ್ಲಿ ಮೊದಲು, ಹೇಗೆ ಹರಡಿತು, ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು. ಸಕ್ಕರೆ ಕಾಯಿಲೆ, ಲಿವರ್, ಹೃದಯದ ತೊಂದರೆ, ಹಿಂದೆ ಯಾವುದಾದರೂ ಔಷಧಕ್ಕೆ ಅಲರ್ಜಿ ಆಗಿದ್ದರೆ ಅದು. ನಿಮ್ಮ ಹೆಂಡತಿ ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು, ಏಕೆಂದರೆ ಆಗ ಫಂಗಸ್ ಮಾತ್ರೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬೆಕ್ಕು, ನಾಯಿ ಸಾಕಿದ್ದರೆ, ಅವುಗಳ ಮೈಕೂದಲು ಎಲ್ಲಾದರೂ ಉದುರಿದ್ದರೆ ಅದನ್ನೂ ಹೇಳಿ.

ಚಿಕಿತ್ಸೆಯಲ್ಲಿ ಕೈಕೊಡುವುದು ಎಲ್ಲಿ

ಮೊದಲ ಕೆಲಸ ಆ ಮಿಶ್ರ ಕ್ರೀಮ್ ನಿಲ್ಲಿಸುವುದು. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅಡಗಿದ್ದ ಉರಿಯೂತವೆಲ್ಲ ಒಮ್ಮೆಗೇ ಎದ್ದು, ನವೆ ಮೊದಲಿಗಿಂತ ಜೋರಾಗುವುದುಂಟು. ಅಷ್ಟರಲ್ಲಿ ಹೊಸ ಔಷಧ ಶುರುವಾಗಿರುತ್ತದಾದ್ದರಿಂದ ತಪ್ಪು ಅದರದೇ ಎಂದುಕೊಂಡು ಹಳೆಯ ಟ್ಯೂಬಿಗೆ ಮರಳುವವರು ಬಹಳ. ಫೋನ್ ಮೂಲಕದ ಚಿಕಿತ್ಸೆ ಮುರಿದುಬೀಳುವುದು ಹೆಚ್ಚಾಗಿ ಇದೇ ಹಂತದಲ್ಲಿ. ನಾಲ್ಕೈದನೇ ದಿನ ಹೀಗಾಗಬಹುದು, ಹಾಗಾದಾಗ ಏನು ಮಾಡಲಿ ಎಂದು ಮೊದಲ ಕರೆಯಲ್ಲೇ ಕೇಳಿಟ್ಟುಕೊಳ್ಳಿ. ನವೆಗೆ ಬೇರೆ ಮಾತ್ರೆ ಕೊಡಬಹುದು.

ಇಷ್ಟು ಹಬ್ಬಿದ, ಸ್ಟೀರಾಯ್ಡ್ ತಿಂದ ಹುಳುಕಡ್ಡಿಗೆ ಬರೀ ಹಚ್ಚುವ ಔಷಧ ಸಾಲದೆ ಮಾತ್ರೆಯೂ ಬೇಕಾಗಬಹುದು. ಟರ್ಬಿನಾಫಿನ್ ಅಥವಾ ಇಟ್ರಾಕೊನಜೋಲ್. ಇವನ್ನು ನೀವಾಗಿ ಕೊಂಡು ನುಂಗುವಂತಿಲ್ಲ. ಎರಡಕ್ಕೂ ಲಿವರ್ ಮೇಲೆ ಕಣ್ಣಿಡಬೇಕು. ಇಟ್ರಾಕೊನಜೋಲ್ ಹೃದಯ ವೈಫಲ್ಯ ಇರುವವರಿಗೆ ಸಲ್ಲದು, ಕೊಲೆಸ್ಟರಾಲ್‌ನ ಕೆಲವು ಮಾತ್ರೆಗಳ ಜೊತೆ ಸೇರಿದರೆ ಸ್ನಾಯುಗಳಿಗೆ ಹಾನಿ, ಆಸಿಡಿಟಿ ಮಾತ್ರೆ ನುಂಗುತ್ತಿದ್ದರೆ ಅದರ ಕ್ಯಾಪ್ಸೂಲ್ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಟರ್ಬಿನಾಫಿನ್‌ಗೆ ಬಗ್ಗದ ತಳಿಯೊಂದು ಈಗ ಹಲವು ದೇಶಗಳಲ್ಲಿ ಹಬ್ಬಿದೆ. 2020ರಲ್ಲಿ ಅದಕ್ಕೆ 'ಟ್ರೈಕೊಫೈಟಾನ್ ಇಂಡೊಟಿನಿಯೆ' ಎಂದು ಹೆಸರಿಟ್ಟರು. ಮಾತ್ರೆ ಸರಿಯಾಗಿ ನುಂಗಿದರೂ ನಾಲ್ಕು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಇದನ್ನೂ ಯೋಚಿಸಬೇಕು.

ಹಚ್ಚುವುದರಲ್ಲೂ ಲೆಕ್ಕವಿದೆ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆವರೆಗೆ ಟ್ಯೂಬಿನಿಂದ ಹಿಂಡಿದ ಎಳೆ ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿದಂತೆ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ನಿಮ್ಮ ತೊಡೆಸಂದಿ, ಸೊಂಟ, ಹೊಟ್ಟೆ ಎಲ್ಲ ಸೇರಿ ಎಂಟು ಅಂಗೈ ಅಗಲವಿದ್ದರೆ ಒಂದು ಸಲಕ್ಕೆ 2 ಗ್ರಾಂ, ದಿನಕ್ಕೆರಡು ಸಲ ಎಂದರೆ 4 ಗ್ರಾಂ. 15 ಗ್ರಾಂ ಟ್ಯೂಬ್ ನಾಲ್ಕು ದಿನವೂ ಬಾರದು. ಒಂದೇ ಟ್ಯೂಬ್ ಬರೆದು ತಿಂಗಳು ಹಚ್ಚಿ ಎಂದಿದ್ದರೆ ಲೆಕ್ಕ ತಪ್ಪಿದೆ ಎಂದರ್ಥ, ಮತ್ತೆ ಕೇಳಿ. ಕಾಣುವ ಅಂಚಿನಿಂದ 2 ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ಫಂಗಸ್ ಅಲ್ಲಿಗಾಗಲೇ ತಲುಪಿರುತ್ತದೆ. ಪೂರ್ತಿ ಮಾಯವಾದಂತೆ ಕಂಡ ಮೇಲೂ ಎರಡು ವಾರ ಮುಂದುವರಿಸಿ. ಕಪ್ಪು ಕಲೆ ಉಳಿದಿದ್ದರೆ ಅದು ರೋಗ ಉಳಿದಿರುವ ಗುರುತಲ್ಲ. ಕಂದು ಚರ್ಮದಲ್ಲಿ ಅದು ಮಾಸಲು ತಿಂಗಳುಗಳೇ ಹಿಡಿಯುತ್ತವೆ. ಇದರ ಜೊತೆ ತೊಡೆಸಂದಿಯಲ್ಲಿ ಬಸಿರಿನ ಗೆರೆಗಳಂಥ ಬಿರುಕುಗಳಿದ್ದರೆ ಅವು ಸ್ಟೀರಾಯ್ಡ್ ಮಾಡಿದ್ದು, ಪೂರ್ತಿ ಹೋಗುವುದಿಲ್ಲ.

ಹೆಂಡತಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಇವರಿಂದ ಅವರಿಗೆ, ಅವರಿಂದ ಇವರಿಗೆ. ಟವೆಲ್ ಬೇರೆ ಬೇರೆ ಇರಲಿ. ಒಳಬಟ್ಟೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿ.

ನೇರವಾಗಿ ಹೋಗುವ ಅನುಕೂಲವಿದ್ದರೆ ಸಿಗುವ ದೊಡ್ಡ ಲಾಭ ಕೆರೆದು ನೋಡುವ ಪರೀಕ್ಷೆ. ಅಂಚಿನ ಹೊಟ್ಟನ್ನು ಗಾಜಿನ ಮೇಲೆ ಉದುರಿಸಿ 10ರಿಂದ 20 ಶೇಕಡಾ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿ ಹಾಕಿದರೆ, ಸ್ವಲ್ಪ ಹೊತ್ತಿನಲ್ಲೇ ಚರ್ಮದ ಕೋಶಗಳು ಕರಗಿ ಫಂಗಸ್ ಎಳೆಗಳು ಎದ್ದು ಕಾಣುತ್ತವೆ. ಇದಕ್ಕೆ ಚರ್ಮದ ತಜ್ಞರೇ ಬೇಕಿಲ್ಲ, ಸೂಕ್ಷ್ಮದರ್ಶಕ ಇರುವ ಹತ್ತಿರದ ಲ್ಯಾಬ್ ಸಾಕು. ಅಲ್ಲಿ ಪರೀಕ್ಷೆ, ಫೋನಿನಲ್ಲಿ ತಜ್ಞರ ಸಲಹೆ, ನನ್ನ ಮಟ್ಟಿಗೆ ಇದೇ ನಿಮಗೆ ಒಗ್ಗುವ ದಾರಿ. ಫಂಗಸ್ ಔಷಧ ಶುರು ಮಾಡುವ ಮೊದಲೇ ಕೆರೆಸಿಕೊಳ್ಳಿ, ಶುರು ಮಾಡಿದ ಮೇಲೆ ಫಲಿತಾಂಶ ಸುಳ್ಳು ಹೇಳಬಹುದು.

ಅಮ್ಮನ ಅಂಗಾಲು

ಇದಕ್ಕೆ ಫೋಟೋ ಮೇಲೆ ಭರವಸೆ ಇಡಬೇಡಿ. ಅಂಗಾಲಿನ ಕಪ್ಪು ಚುಕ್ಕೆ ಹಳೆಯ ಮಚ್ಚೆಯಾಗಿರಬಹುದು, ತಿಕ್ಕಾಟದಿಂದ ಚರ್ಮದೊಳಗೆ ಹೆಪ್ಪುಗಟ್ಟಿದ ರಕ್ತವಾಗಿರಬಹುದು, ಮೆಲನೋಮಾ ಎಂಬ ಕ್ಯಾನ್ಸರೂ ಆಗಿರಬಹುದು. ಕಪ್ಪು ಚರ್ಮದವರಿಗೆ ಮೆಲನೋಮಾ ಬರುವುದು ಕಡಿಮೆ; ಬಂದಾಗ ಮಾತ್ರ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಹೆಚ್ಚು. 1981ರಲ್ಲಿ 36ನೇ ವಯಸ್ಸಿಗೇ ತೀರಿಕೊಂಡ ಗಾಯಕ ಬಾಬ್ ಮಾರ್ಲಿಯ ಕಾಯಿಲೆ ಶುರುವಾದದ್ದು ಕಾಲ್ಬೆರಳಿನ ಉಗುರಿನ ಅಡಿಯಲ್ಲಿ.

ಇವನ್ನು ಬೇರ್ಪಡಿಸಲು ಡರ್ಮಟೋಸ್ಕೋಪ್ ಎಂಬ, ಸುಮಾರು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಬೆಳಕಿನ ಮಸೂರ ಬೇಕು. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನ ಹಾಗೆ ದಿಣ್ಣೆ, ತಗ್ಗು ಸಾಲುಗಳಿವೆ. ಬಣ್ಣ ತಗ್ಗಿನ ಗೆರೆಗಳಲ್ಲಿ ಕೂತಿದ್ದರೆ ಸಾಮಾನ್ಯವಾಗಿ ನಿರಪಾಯ, ದಿಣ್ಣೆಗಳ ಮೇಲೆ ಕೂತಿದ್ದರೆ ಅನುಮಾನ. ಬರಿಯ ಫೋನ್ ಕ್ಯಾಮೆರಾಗೆ ಇದು ಭರವಸೆ ಇಡುವಷ್ಟು ಸಿಗದು. ಚುಕ್ಕೆ 6 ಮಿಲಿಮೀಟರ್ ಮೀರಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಒಂದಕ್ಕಿಂತ ಹೆಚ್ಚು ಬಣ್ಣವಿದ್ದರೆ, ಈಚೆಗೆ ಬೆಳೆದಿದ್ದರೆ, ಒಡೆದು ರಕ್ತ ಬಂದಿದ್ದರೆ ಇದೇ ವಾರ ಕರೆದುಕೊಂಡು ಹೋಗಿ. ತಜ್ಞರು ನೋಡುವ ತನಕ ಅದನ್ನು ಕತ್ತರಿಸುವುದು, ಸುಡಿಸುವುದು, ಲೇಸರ್ ಹಾಕಿಸುವುದು ಬೇಡವೇ ಬೇಡ. ಆಮೇಲೆ ಬಯಾಪ್ಸಿಗೆ, ಅಂದರೆ ತುಣುಕು ತೆಗೆದು ಪರೀಕ್ಷಿಸಲು, ಏನೂ ಉಳಿಯುವುದಿಲ್ಲ. ಸಕ್ಕರೆ ಕಾಯಿಲೆ ಇರುವುದರಿಂದ ಅದೇ ಭೇಟಿಯಲ್ಲಿ ಪಾದದ ಸ್ಪರ್ಶ, ರಕ್ತ ಸಂಚಾರ ಎರಡನ್ನೂ ಪರೀಕ್ಷೆ ಮಾಡಿಸಿ.

ಮಗಳ ಕೆನ್ನೆ

ಈ ವಯಸ್ಸಿನಲ್ಲಿ ಕೆನ್ನೆಯ ಮೇಲೆ ಅಂಚು ಮಸುಕಾದ, ಸ್ವಲ್ಪ ಹೊಟ್ಟಿರುವ ಬಿಳಿಚು ಮಚ್ಚೆ ಎಂದರೆ ಬಹಳ ಸಲ ಪಿಟಿರಿಯಾಸಿಸ್ ಆಲ್ಬಾ, ಒಣ ಚರ್ಮದ ಸೌಮ್ಯ ಇಸುಬು. ಹುಳದ ಮಾತ್ರೆ ಕೊಟ್ಟರೆ ಹೋಗುತ್ತದೆ ಎಂಬುದು ಹಳೆಯ ನಂಬಿಕೆ. ಹೊಟ್ಟೆಯ ಹುಳಕ್ಕೂ ಇದಕ್ಕೂ ನಂಟಿಲ್ಲ. ಮಾಯಿಶ್ಚರೈಸರ್ ಹಚ್ಚಿ ತಿಂಗಳುಗಟ್ಟಲೆ ತಾಳ್ಮೆಯಿಂದ ಕಾಯಬೇಕು. ಇದರ ಫೋಟೋ ಕಳಿಸಬಹುದು. ಮಚ್ಚೆ ಸುಣ್ಣದಷ್ಟು ಬೆಳ್ಳಗಿದ್ದು ಅಂಚು ಸ್ಪಷ್ಟವಾಗಿದ್ದರೆ ಮಾತ್ರ ತೊನ್ನು ಹೌದೋ ಅಲ್ಲವೋ ಎಂದು ವುಡ್ಸ್ ಲ್ಯಾಂಪ್ ಎಂಬ ಅತಿನೇರಳೆ ದೀಪದ ಬೆಳಕಿನಲ್ಲಿ ನೋಡಬೇಕು, ಅದಕ್ಕೆ ಭೇಟಿ ಬೇಕು.

ಬಿಳಿಚಿದ ಮಚ್ಚೆ ಎಂದಾಗ ಕುಷ್ಠವನ್ನೂ ತಳ್ಳಿಹಾಕಬೇಕಾಗುತ್ತದೆ. ಅದರ ಮುಖ್ಯ ಗುರುತು ಮಚ್ಚೆಯ ಮೇಲೆ ಸ್ಪರ್ಶ ತಿಳಿಯದಿರುವುದು. ಮಗು ಕಣ್ಣು ಮುಚ್ಚಿರುವಾಗ ಹತ್ತಿಯ ಎಳೆ ತಾಗಿಸಿ, ತಾಗಿದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳುವ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಆದರೆ ಮುಖದಲ್ಲಿ ನರಗಳು ಒತ್ತಾಗಿರುವುದರಿಂದ ಅಲ್ಲಿ ಕುಷ್ಠವಿದ್ದರೂ ಸ್ಪರ್ಶ ಉಳಿದಿರಬಹುದು. ಮೈಯ ಬೇರೆ ಕಡೆಯೂ ಇಂಥ ಮಚ್ಚೆಗಳಿದ್ದರೆ, ಅಥವಾ ಮೂರು ತಿಂಗಳಲ್ಲಿ ಬೆಳೆದರೆ, ಫೋನು ಬಿಟ್ಟು ನೇರವಾಗಿ ತೋರಿಸಿ.

ಫೋನಿಗೆ ಕಾಯಬಾರದ ಹೊತ್ತು

ಹೊಸ ಔಷಧ ಶುರುವಾದ ಒಂದರಿಂದ ನಾಲ್ಕು ವಾರದೊಳಗೆ ಜ್ವರ, ಚರ್ಮ ಮುಟ್ಟಿದರೆ ನೋವು, ಬಾಯಿ, ಕಣ್ಣುಗಳಲ್ಲಿ ಹುಣ್ಣು ಬಂದರೆ ನೇರ ಆಸ್ಪತ್ರೆಗೆ. ಫಿಟ್ಸ್‌ನ ಕೆಲವು ಮಾತ್ರೆಗಳು, ಯೂರಿಕ್ ಆಸಿಡ್‌ಗೆ ಕೊಡುವ ಅಲೊಪ್ಯೂರಿನಾಲ್ ಇದಕ್ಕೆ ಕುಖ್ಯಾತ. ಗಾಜಿನ ಲೋಟವನ್ನು ಒತ್ತಿ ಹಿಡಿದರೂ ಮಾಸದ ನೇರಳೆ ಚುಕ್ಕೆಗಳ ಜೊತೆ ಜ್ವರ, ಗಂಟೆಗಂಟೆಗೆ ಹರಡುವ ನೋವಿನ ಕೆಂಪು, ತುಟಿ ಊದಿ ಉಸಿರು ಕಟ್ಟುವುದು, ಇವೂ ಹಾಗೆಯೇ. ಸರ್ಪಸುತ್ತು ಮೂಗಿನ ತುದಿಗೋ ಕಣ್ಣ ಬಳಿಗೋ ಬಂದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಸರ್ಪಸುತ್ತಿನ ಔಷಧ ದದ್ದು ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ.

ಕೆಲವು ಔಷಧಗಳನ್ನು ಬರಿಯ ಒಂದು ಕರೆಯ ಮೇಲೆ ಬರೆದುಕೊಟ್ಟರೆ ಹಿಂಜರಿಯಿರಿ. ಮೊಡವೆಯ ಐಸೊಟ್ರೆಟಿನಾಯಿನ್ ಗರ್ಭದ ಶಿಶುವಿಗೆ ತೀವ್ರ ಹಾನಿ ಮಾಡುತ್ತದೆ. ಸೋರಿಯಾಸಿಸ್‌ನ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ. ದಿನಾ ಎಂದು ತಪ್ಪಾಗಿ ಕೇಳಿಸಿಕೊಂಡು ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಯಾವ ಔಷಧವೇ ಇರಲಿ, ಬಾಯಿಮಾತು ಬೇಡ. ಡಾಕ್ಟರ ಹೆಸರು, ನೋಂದಣಿ ಸಂಖ್ಯೆ, ಪ್ರಮಾಣ, ಎಷ್ಟು ದಿನ, ಮುಂದಿನ ನೋಟ ಯಾವಾಗ ಎಲ್ಲವೂ ಬರಹದಲ್ಲಿ ಬರಲಿ. ಒಂದು ಪ್ರಶ್ನೆಯನ್ನೂ ಕೇಳದೆ ಎರಡು ನಿಮಿಷದಲ್ಲಿ ಮುಗಿಸಿದ ಕರೆಯಾದರೆ ಇನ್ನೊಬ್ಬರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಮುಜುಗರದ ವಿಷಯಕ್ಕೆ ಬರೋಣ. ಮುಖ, ಹಚ್ಚೆ, ಗುರುತು ಹಿಡಿಯಬಹುದಾದ ಹಿನ್ನೆಲೆ ಯಾವುದೂ ಚೌಕಟ್ಟಿನಲ್ಲಿ ಬರಬೇಕಿಲ್ಲ. ಒಳಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಮಚ್ಚೆಯಷ್ಟನ್ನೇ ತೋರಿಸಬಹುದು. ಜನನಾಂಗದ ಮೇಲೇ ಹುಣ್ಣು ಅಥವಾ ಗಂಟಾಗಿದ್ದರೆ ನೇರ ಭೇಟಿಯೇ ಲೇಸು. ಕಳಿಸುವಾಗ ವಾಟ್ಸ್ಆ್ಯಪ್ ಸಾಮಾನ್ಯ ಚಿತ್ರವನ್ನು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಪೂರ್ತಿ ಗುಣಮಟ್ಟ ಉಳಿಯುತ್ತದೆ. ಆದರೆ ಹಾಗೆ ಕಳಿಸಿದಾಗ ಫೋಟೋದೊಳಗೆ ಅಡಗಿರುವ ಸ್ಥಳದ ಮಾಹಿತಿಯೂ ಜೊತೆಗೇ ಹೋಗುತ್ತದೆ, ಅದಕ್ಕೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆರಿಸಿಟ್ಟು ಕ್ಲಿಕ್ಕಿಸಿ. ಗ್ಯಾಲರಿ ತಾನಾಗಿ ಕ್ಲೌಡ್‌ಗೆ ಏರಿಸುವುದನ್ನೂ ಆ ಹೊತ್ತಿಗೆ ನಿಲ್ಲಿಸಿ, ಇಲ್ಲವಾದರೆ ಮನೆಯ ಟಿವಿಯಲ್ಲಿ ಫೋಟೋ ಸಾಲು ಓಡುವಾಗ ಅದೂ ಬರಬಹುದು. ಎಲ್ಲವನ್ನೂ ಕೂಡಲೇ ಅಳಿಸಬೇಡಿ. ಮೊದಲ ದಿನದ ಅಂಚಿನ ಚಿತ್ರವನ್ನು ಲಾಕ್ ಇರುವ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ, ಅಂಚಿನ ಸುತ್ತ ಪೆನ್ನಿನಿಂದ ಚುಕ್ಕೆಗಳನ್ನಿಟ್ಟು ತೆಗೆದದ್ದಾದರೆ ಇನ್ನೂ ಒಳ್ಳೆಯದು. ಎರಡು ವಾರದ ನಂತರ ಅದೇ ಕಿಟಕಿಯ ಬಳಿ, ಅದೇ ದೂರದಿಂದ ಇನ್ನೊಂದು ತೆಗೆದು ಎರಡನ್ನೂ ಒಟ್ಟಿಗೆ ಕಳಿಸಿ. ಮಾತ್ರೆ ಮುಂದುವರಿಸಬೇಕೋ ಬದಲಿಸಬೇಕೋ ಎಂದು ನಿಮ್ಮ ಡಾಕ್ಟರು ನಿರ್ಧರಿಸುವುದು ಆ ಜೋಡಿ ಚಿತ್ರ ನೋಡಿಯೇ.